ಕೋಡಿ ಹರಿವಿನ ಸಿಮ್ಯುಲೇಶನ್ ನಡುವೆ ಸಿಡಿದು ನಿಂತಾಗ: ಇಂಟರ್‌ಫೋಮ್ ದೋಷ ನಿವಾರಣೆ ಕೈಪಿಡಿ

ಅಣೆಕಟ್ಟಿನ ಕೋಡಿಯ ಮೇಲೆ ನೀರು ಇಳಿದು ಬುಡದಲ್ಲಿ ನೊರೆಯಾಗಿ ಏಳುವ ಹರಿವನ್ನು ಓಪನ್‌ಫೋಮ್ ಎಂಬ ಹರಿವು ಲೆಕ್ಕದ ತಂತ್ರಾಂಶದ ಇಂಟರ್‌ಫೋಮ್‌ನಲ್ಲಿ (ನೀರು, ಗಾಳಿ ಎರಡೂ ಇರುವ ಹರಿವನ್ನು ಬಿಡಿಸುವ ಸಾಲ್ವರ್) ಲೆಕ್ಕ ಹಾಕುವಾಗ ತೊಂದರೆ ಹೆಚ್ಚಾಗಿ ಎರಡು ರೂಪದಲ್ಲಿ ಬರುತ್ತದೆ. ಒಂದು, ಸರಾಗವಾಗಿ ಓಡುತ್ತಿದ್ದ ರನ್ ‘ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಶನ್’ ಎಂದು ಬರೆದು ನಿಂತುಹೋಗುತ್ತದೆ. ಇನ್ನೊಂದು, ನಿಲ್ಲುವುದಿಲ್ಲ, ಕಾಲಹೆಜ್ಜೆ 10⁻³ ಸೆಕೆಂಡಿನಿಂದ 10⁻⁵, 10⁻⁷, 10⁻⁹ ಎಂದು ಕುಗ್ಗುತ್ತ ಹೋಗಿ, ರಾತ್ರಿಯಿಡೀ ಓಡಿದರೂ ಸಿಮ್ಯುಲೇಶನ್‌ನೊಳಗಿನ ಸಮಯ ಮುಂದೆ ಸರಿಯುವುದಿಲ್ಲ. ಮೂಲದಲ್ಲಿ ಎರಡೂ ಒಂದೇ. ಯಾವುದೋ ಕೆಲವು ಸೆಲ್‌ಗಳಲ್ಲಿ (ಲೆಕ್ಕಕ್ಕಾಗಿ ಹರಿವಿನ ಜಾಗವನ್ನು ಹೋಳು ಮಾಡಿದ ತುಣುಕುಗಳು; ಅವೆಲ್ಲ ಸೇರಿ ಮೆಶ್) ವೇಗ ಅಂಕೆ ಮೀರಿದೆ. ಕಾಲಹೆಜ್ಜೆಯನ್ನು ತಾನೇ ಹೊಂದಿಸಿಕೊಳ್ಳಲು ಬಿಟ್ಟಿದ್ದರೆ ಅದು ಕುಗ್ಗುತ್ತದೆ, ಬಿಡದಿದ್ದರೆ ರನ್ ಸಿಡಿಯುತ್ತದೆ.

ರನ್ ನಿಂತ ಜಾಗ ಮತ್ತು ಹೊತ್ತು ದೋಷ ಹುಟ್ಟಿದ ಜಾಗ ಮತ್ತು ಹೊತ್ತು ಆಗಿರುವುದಿಲ್ಲ. ಒತ್ತಡದ ಸಮೀಕರಣ ಪ್ರತಿ ಹೆಜ್ಜೆಯಲ್ಲೂ ಇಡೀ ಮೆಶ್ಶನ್ನು ಒಟ್ಟಿಗೆ ಬಿಡಿಸುವುದರಿಂದ, ಒಂದು ಮೂಲೆಯ ಕೆಟ್ಟ ಸೆಲ್‌ನ ತಪ್ಪು ಮರುಕ್ಷಣವೇ ಎಲ್ಲೆಡೆ ಹರಡುತ್ತದೆ. ಹೀಗಾಗಿ ಕೊನೆಯ ಸಾಲು ನೋಡಿ ಮದ್ದು ಹುಡುಕುವುದು ಸಾಮಾನ್ಯವಾಗಿ ಕೈಕೊಡುತ್ತದೆ. ಲಾಗನ್ನು ಹಿಂದಕ್ಕೆ ಓದಬೇಕು.

ಓಪನ್‌ಫೋಮ್ ಫೌಂಡೇಶನ್ ಶಾಖೆಯ 11ನೇ ಆವೃತ್ತಿಯಿಂದ (2023) ಇಂಟರ್‌ಫೋಮ್‌ನ ಕೆಲಸವನ್ನು ಫೋಮ್‌ರನ್ ಅಡಿಯ ‘ಇನ್‌ಕಂಪ್ರೆಸಿಬಲ್‌ವಿಒಎಫ್’ ಮಾಡುತ್ತದೆ. ಕೆಲವು ಕಡತಗಳ ಹೆಸರು, ಕೀವರ್ಡ್ ಬದಲಾಗಿವೆ. ಕೆಳಗಿನ ತಪಾಸಣೆ ಎರಡಕ್ಕೂ ಒಪ್ಪುತ್ತದೆ.

ಮೊದಲು ಕಾಗದದ ಮೇಲಿನ ಲೆಕ್ಕ

ಯಾವ ಸಂಖ್ಯೆ ಸುಳ್ಳು ಎಂದು ಹೇಳಬೇಕಾದರೆ ನಿಜ ಎಷ್ಟರ ಆಸುಪಾಸಿನಲ್ಲಿದೆ ಎಂದು ಗೊತ್ತಿರಬೇಕು. ಉದಾಹರಣೆಗೆ ಓಜೀ ಆಕಾರದ (ಎಸ್ ಅಕ್ಷರದಂತೆ ಬಾಗಿದ) ಒಂದು ಕೋಡಿಯನ್ನು ತೆಗೆದುಕೊಳ್ಳೋಣ. ನೆತ್ತಿಯ ಮೇಲೆ ನೀರಿನ ಎತ್ತರ 2 ಮೀಟರ್, ಜಲಾಶಯದ ನೀರಿನ ಮಟ್ಟದಿಂದ ಬುಡದವರೆಗೆ 15 ಮೀಟರ್ ಇಳಿತ.

ವಿನ್ಯಾಸದ ಎತ್ತರದಲ್ಲಿ ಹರಿಯುವ ಎತ್ತರದ ಓಜೀ ಕೋಡಿಗೆ ಹರಿವಿನ ಗುಣಾಂಕ ಸುಮಾರು 2.18. ಅದನ್ನು ನೀರಿನ ಎತ್ತರದ ಒಂದೂವರೆ ಘಾತದಿಂದ ಗುಣಿಸಿದರೆ ಪ್ರತಿ ಮೀಟರ್ ಅಗಲಕ್ಕೆ ಸೆಕೆಂಡಿಗೆ 6.2 ಘನ ಮೀಟರ್. ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ ಬುಡದಲ್ಲಿ ವೇಗ √(2×9.81×15), ಅಂದರೆ ಸೆಕೆಂಡಿಗೆ 17.2 ಮೀಟರ್. ಅಲ್ಲಿ ನೀರಿನ ಆಳ 0.36 ಮೀಟರ್, ಫ್ರೌಡ್ ಸಂಖ್ಯೆ (ನೀರಿನ ವೇಗ ಅಲೆಯ ವೇಗದ ಎಷ್ಟು ಪಟ್ಟು ಎಂಬುದು) 9ರ ಮೇಲೆ. ಜಲಜಿಗಿತದ (ವೇಗದ ತೆಳು ನೀರು ಥಟ್ಟನೆ ಉಕ್ಕಿ ಆಳವಾಗಿ ನಿಧಾನವಾಗುವುದು) ನಂತರದ ಆಳ ಸುಮಾರು 4.5 ಮೀಟರ್, ಜಿಗಿತದ ಉದ್ದ ಅದರ ಆರು ಪಟ್ಟು, 27 ಮೀಟರ್.

ಈ ಸಂಖ್ಯೆಗಳನ್ನು ಕೇಸ್ ಫೋಲ್ಡರಿನಲ್ಲೇ ಒಂದು ಕಡತದಲ್ಲಿ ಬರೆದಿಡಿ. ಮುಂದೆ ಲಾಗಿನಲ್ಲಿ ಗರಿಷ್ಠ ವೇಗ 90 ಎಂದು ಕಂಡರೆ ಅದು ನೀರಿನ ವೇಗವಾಗಿರಲು ಸಾಧ್ಯವೇ ಇಲ್ಲ ಎಂದು ಕೂಡಲೇ ತಿಳಿಯುತ್ತದೆ. ಮೆಶ್ ಎಷ್ಟು ಸಣ್ಣದಿರಬೇಕು, ಹೊರದಾರಿ ಎಷ್ಟು ದೂರವಿರಬೇಕು ಎಂಬುದೂ ಇದರಿಂದಲೇ ಹೊರಡುತ್ತದೆ.

ಲಾಗನ್ನು ಹಿಂದಕ್ಕೆ ಓದುವ ಬಗೆ

‘ಫೋಮ್‌ಲಾಗ್’ ಆಜ್ಞೆಯನ್ನು ಲಾಗ್ ಕಡತದ ಮೇಲೆ ಓಡಿಸಿದರೆ ‘ಲಾಗ್ಸ್’ ಎಂಬ ಫೋಲ್ಡರಿನಲ್ಲಿ ಪ್ರತಿ ರಾಶಿಗೂ ಒಂದೊಂದು ಕಡತ ಸಿಗುತ್ತದೆ. ಗರಿಷ್ಠ ಕೂರಾಂಟ್ ಸಂಖ್ಯೆ (ಒಂದು ಕಾಲಹೆಜ್ಜೆಯಲ್ಲಿ ಹರಿವು ಎಷ್ಟು ಸೆಲ್ ದಾಟುತ್ತದೆ ಎಂಬುದು), ಒತ್ತಡದ ಮೊದಲ ರೆಸಿಡ್ಯುಯಲ್ (ಸಮೀಕರಣದಲ್ಲಿ ಉಳಿದ ತಪ್ಪು), ಒತ್ತಡ ಬಿಡಿಸಲು ಹಿಡಿದ ಇಟರೇಶನ್ (ಮರುಲೆಕ್ಕದ ಸುತ್ತುಗಳು), ಕಂಟಿನ್ಯೂಟಿ ದೋಷ (ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ಇರುವ ವ್ಯತ್ಯಾಸ) ಇವನ್ನು ಒಂದೇ ಸಮಯದ ಅಕ್ಷದ ಮೇಲೆ ಗ್ನೂಪ್ಲಾಟ್‌ನಲ್ಲಿ ಎಳೆಯಿರಿ. ಕಾಲಹೆಜ್ಜೆ ಮತ್ತು ಆಲ್ಫಾದ (ಸೆಲ್‌ನಲ್ಲಿ ನೀರಿನ ಪಾಲು, 0ರಿಂದ 1) ಕನಿಷ್ಠ, ಗರಿಷ್ಠ ಬೆಲೆಗಳು ಆ ಫೋಲ್ಡರಿನಲ್ಲಿ ಇಲ್ಲದಿದ್ದರೆ ಗ್ರೆಪ್ ಮಾಡಿ ತೆಗೆದುಕೊಳ್ಳಿ. ಕೊನೆಯಲ್ಲಿ ಎಲ್ಲವೂ ಕೆಟ್ಟಿರುತ್ತವೆ, ಅದರಿಂದ ಏನೂ ತಿಳಿಯದು. ಮೊದಲು ದಾರಿ ತಪ್ಪಿದ್ದು ಯಾವುದು ಎಂದು ನೋಡಿ.

ಮೊದಲ ಹತ್ತಿಪ್ಪತ್ತು ಹೆಜ್ಜೆಗಳಲ್ಲೇ ರನ್ ಸತ್ತರೆ ಆರಂಭ ಸ್ಥಿತಿ ಅಥವಾ ಗಡಿ ಷರತ್ತು ತಪ್ಪು. ಕೂರಾಂಟ್ ಸಂಖ್ಯೆ ಇನ್ನೂ ನೆಟ್ಟಗಿರುವಾಗಲೇ ಒತ್ತಡದ ಇಟರೇಶನ್ 10ರಿಂದ 80, 300, ಕೊನೆಗೆ ಮಿತಿಯಾದ 1000ಕ್ಕೆ ಏರಿದರೆ ಮೆಶ್ಶಿನ ಕೆಟ್ಟ ಮುಖಗಳತ್ತ ಹೋಗಿ, ಆಮೇಲೆ ಒಂದಕ್ಕೊಂದು ಹೊಂದದ ಗಡಿ ಷರತ್ತುಗಳತ್ತ. ಆಲ್ಫಾ ಮೊದಲು ಕೆಟ್ಟರೆ, ಅಂದರೆ ಕನಿಷ್ಠ ಬೆಲೆ −10⁻⁸ರಂಥ ನಗಣ್ಯ ಅಂಕಿಯಿಂದ −0.01ಕ್ಕೆ ಇಳಿದರೆ ಅಥವಾ ಗರಿಷ್ಠ 1.02 ದಾಟಿದರೆ, ಕಾಲಹೆಜ್ಜೆ ಮತ್ತು ಮ್ಯೂಲ್ಸ್ (ಆಲ್ಫಾವನ್ನು 0, 1ರ ನಡುವೆ ಹಿಡಿದು ಸಾಗಿಸುವ ವಿಧಾನ) ಸೆಟ್ಟಿಂಗ್ ನೋಡಬೇಕು. ‘ಬೌಂಡಿಂಗ್ ಕೆ’, ‘ಬೌಂಡಿಂಗ್ ಎಪ್ಸಿಲಾನ್’ ಸಾಲುಗಳು (ಕೆ ಎಂದರೆ ಟರ್ಬ್ಯುಲೆನ್ಸ್, ಅಂದರೆ ಹರಿವಿನ ಕ್ಷೋಭೆಯ ಶಕ್ತಿ; ಎಪ್ಸಿಲಾನ್ ಅದು ಕರಗುವ ದರ) ಎಲ್ಲಕ್ಕಿಂತ ಮುಂಚೆ ಬಂದು, ಅವುಗಳ ಗರಿಷ್ಠ ಬೆಲೆ ಹೆಜ್ಜೆಹೆಜ್ಜೆಗೂ ಹತ್ತು ಪಟ್ಟಾಗುತ್ತಿದ್ದರೆ ಟರ್ಬ್ಯುಲೆನ್ಸ್ ಕಡೆ. ಇವೆಲ್ಲವೂ ಸರಿಯಿದ್ದು ಒಟ್ಟು ಕೂರಾಂಟ್ ಮಾತ್ರ ಏರುತ್ತ, ‘ಇಂಟರ್‌ಫೇಸ್ ಕೂರಾಂಟ್’ ಕೆಳಗೇ ಉಳಿದಿದ್ದರೆ ತೊಂದರೆ ಗಾಳಿಯಲ್ಲಿದೆ. ಕೋಡಿ ಹರಿವಿನಲ್ಲಿ ಈ ಕೊನೆಯದನ್ನು ಮೊದಲು ಅನುಮಾನಿಸುವುದು ಜಾಣತನ.

ಇದರ ಜೊತೆಗೆ ಒಂದು ಸರಳ ಪರೀಕ್ಷೆ ಮಾಡಿ. ಮ್ಯಾಕ್ಸ್‌ಕೋ (ಕೂರಾಂಟ್‌ನ ಮಿತಿ) ಮತ್ತು ಮ್ಯಾಕ್ಸ್‌ಆಲ್ಫಾಕೋ (ನೀರಿನ ಮೇಲ್ಮೈಯಲ್ಲಿ ಅದರ ಮಿತಿ) ಎರಡನ್ನೂ ಅರ್ಧಕ್ಕಿಳಿಸಿ ಮತ್ತೆ ಓಡಿಸಿ. ಮೊದಲು 4.21 ಸೆಕೆಂಡಿನಲ್ಲಿ ಸತ್ತ ರನ್ ಈಗಲೂ 4.2ರ ಆಸುಪಾಸಿನಲ್ಲೇ ಸತ್ತರೆ ಕಾಲಹೆಜ್ಜೆ ಕಾರಣವಲ್ಲ. ಆ ಕ್ಷಣದಲ್ಲಿ ನೀರು ಏನನ್ನೋ ಮುಟ್ಟಿದೆ: ಒಂದು ಕೆಟ್ಟ ಸೆಲ್, ಮೆಶ್ ಹಂತ ಬದಲಾಗುವ ಗೆರೆ, ಇಲ್ಲವೇ ಹೊರದಾರಿ. ಸಾವು 9 ಸೆಕೆಂಡಿಗೆ ಮುಂದಕ್ಕೆ ಹೋದರೆ, ಅಥವಾ ತಪ್ಪಿಯೇ ಹೋದರೆ, ಆಗ ಮಾತ್ರ ಕಾಲಹೆಜ್ಜೆಯನ್ನು ದೂರಬಹುದು. ಈ ಪರೀಕ್ಷೆ ಮಾಡದೆ ಮ್ಯಾಕ್ಸ್‌ಕೋವನ್ನು 0.5, 0.2, 0.05 ಎಂದು ಇಳಿಸುತ್ತಲೇ ಹೋಗುವ ಅಭ್ಯಾಸ ಎಲ್ಲೆಡೆ ಇದೆ. ಕಂಪ್ಯೂಟರ್ ಸಮಯ ಹಾಳಾಗುವುದು ಒಂದು ನಷ್ಟ. ಅದಕ್ಕಿಂತ ಹೆಚ್ಚಿನದು, ಕೆಟ್ಟ ಗಡಿ ಷರತ್ತು ಹಾಗೇ ಉಳಿದು ಹೇಗೋ ಓಡಿ ಮುಗಿದ ಉತ್ತರ ವರದಿಯೊಳಗೆ ಸೇರಿಬಿಡುತ್ತದೆ.

ಆ ಸೆಲ್ ಎಲ್ಲಿದೆ

ಮೊದಲು ದಾರಿ ತಪ್ಪಿದ ಸಮಯಕ್ಕಿಂತ ಹಿಂದೆ ಬರೆಯಲಾದ ಟೈಮ್ ಫೋಲ್ಡರಿನಿಂದ ರನ್ ಮತ್ತೆ ಶುರು ಮಾಡಿ. ಅದರ ಮುಂದಿನ ಫೋಲ್ಡರುಗಳನ್ನು ಬೇರೆಡೆಗೆ ಸರಿಸಿ. ರನ್ ನಡೆಸುವ ಸೆಟ್ಟಿಂಗ್‌ಗಳ ಕಡತವಾದ ಕಂಟ್ರೋಲ್‌ಡಿಕ್ಟ್‌ನಲ್ಲಿ ರೈಟ್‌ಕಂಟ್ರೋಲ್ ಅನ್ನು ‘ಟೈಮ್‌ಸ್ಟೆಪ್’ ಮಾಡಿ, ರೈಟ್‌ಇಂಟರ್ವಲ್ 5 ಅಥವಾ 1 ಇಡಿ, ಡಿಸ್ಕ್ ತುಂಬದಂತೆ ಪರ್ಜ್‌ರೈಟ್ 20 ಇಡಿ. ಜೊತೆಗೆ ಫೀಲ್ಡ್‌ಮಿನ್‌ಮ್ಯಾಕ್ಸ್ ಎಂಬ ಫಂಕ್ಷನ್ ಆಬ್ಜೆಕ್ಟ್ ಸೇರಿಸಿದರೆ ಗರಿಷ್ಠ ವೇಗ ಎಷ್ಟು ಎಂಬುದರ ಜೊತೆ ಅದು ಯಾವ ನಿರ್ದೇಶಾಂಕದಲ್ಲಿದೆ, ಯಾವ ಪ್ರೊಸೆಸರಿನಲ್ಲಿದೆ ಎಂದೂ ಬರೆಯುತ್ತದೆ. ದೊಡ್ಡ ಕೇಸುಗಳಲ್ಲಿ ಇದನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳುವುದು ಒಳ್ಳೆಯದು. ಖರ್ಚು ಏನೇನೂ ಇಲ್ಲ, ಉಪಯೋಗ ಬಹಳ.

ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ವೇಗದ ಮೇಲೆ ಥ್ರೆಶೋಲ್ಡ್ ಹಾಕಿ, 20ಕ್ಕಿಂತ ಹೆಚ್ಚಿನ ಸೆಲ್‌ಗಳನ್ನಷ್ಟೇ ತೋರಿಸಿ. ಅವುಗಳಿಗೆ ಆಲ್ಫಾದ ಬಣ್ಣ ಕೊಡಿ. ಆಲ್ಫಾ 0ರ ಹತ್ತಿರ ಇದ್ದರೆ ಗಾಳಿ, 1ರ ಹತ್ತಿರ ಇದ್ದರೆ ನೀರು, ನಡುವೆ ಇದ್ದರೆ ನೀರಿನ ಮೇಲ್ಮೈ. ನೋಡುವಾಗ ‘ಸೆಲ್ ಡೇಟಾ’ವನ್ನೇ ಆರಿಸಿ. ಪಾಯಿಂಟ್ ಡೇಟಾ ಸುತ್ತಲಿನ ಸೆಲ್‌ಗಳ ಸರಾಸರಿಯಾದ್ದರಿಂದ ಒಂಟಿ ಕೆಟ್ಟ ಸೆಲ್ ಅದರಲ್ಲಿ ಮುಚ್ಚಿಹೋಗುತ್ತದೆ.

ಮತ್ತೆ ಶುರು ಮಾಡುವಾಗ ಒಂದು ವಿಷಯ ಗಮನಿಸಿ. ಕಾಲಹೆಜ್ಜೆ ಹೊಂದಿಸಿಕೊಳ್ಳುವ ರನ್‌ನಲ್ಲಿ ಕಂಟ್ರೋಲ್‌ಡಿಕ್ಟ್‌ನ ಡೆಲ್ಟಾಟಿ (ಕಾಲಹೆಜ್ಜೆಯ ಬೆಲೆ) ಲೆಕ್ಕಕ್ಕೆ ಬರುವುದಿಲ್ಲ. ಟೈಮ್ ಫೋಲ್ಡರಿನೊಳಗಿನ ‘ಯೂನಿಫಾರ್ಮ್’ ಉಪಫೋಲ್ಡರಿನ ‘ಟೈಮ್’ ಕಡತದಲ್ಲಿರುವ ಬೆಲೆಯೇ ಓದಲ್ಪಡುತ್ತದೆ. ಬದಲಾಯಿಸಬೇಕಿದ್ದರೆ ಅಲ್ಲಿ ಬದಲಾಯಿಸಿ.

ಮೆಶ್

ಚೆಕ್‌ಮೆಶ್ ಆಜ್ಞೆಯನ್ನು ‘ಆಲ್‌ಜಿಯೊಮೆಟ್ರಿ’, ‘ಆಲ್‌ಟೋಪಾಲಜಿ’ ಆಯ್ಕೆಗಳೊಂದಿಗೆ ಓಡಿಸಿ. ಋಣ ಗಾತ್ರದ ಸೆಲ್, ದಿಕ್ಕು ತಪ್ಪಿದ ಮುಖ ಒಂದೇ ಒಂದು ಇದ್ದರೂ ಮುಂದೆ ಹೋಗಬೇಡಿ, ಮೆಶ್ ಮತ್ತೆ ಮಾಡಿ. ನಾನ್-ಆರ್ಥೊಗೊನಾಲಿಟಿ (ಪಕ್ಕದ ಸೆಲ್‌ಗಳ ನಡುಬಿಂದು ಸೇರಿಸುವ ಗೆರೆ ನಡುವಿನ ಮುಖದ ಲಂಬದಿಂದ ವಾಲಿದ ಕೋನ) 70 ಡಿಗ್ರಿ, ಸ್ಕ್ಯೂನೆಸ್ (ಆ ಗೆರೆ ಮುಖದ ನಡುವಿನಿಂದ ಸರಿದ ಅಳತೆ) 4 ದಾಟಿದರೆ ಚೆಕ್‌ಮೆಶ್ ಎಚ್ಚರಿಸುತ್ತದೆ. ‘ಕಾನ್‌ಕೇವ್’ ಸೆಲ್‌ಗಳ ಎಚ್ಚರಿಕೆ ಓಪನ್‌ಫೋಮ್‌ನ ಮೆಶ್ ಮಾಡುವ ಸಾಧನವಾದ ಸ್ನ್ಯಾಪಿಹೆಕ್ಸ್‌ಮೆಶ್‌ನ ಮೆಶ್‌ಗಳಲ್ಲಿ ಮಾಮೂಲು. ಅದೊಂದನ್ನೇ ನೋಡಿ ಗಾಬರಿಯಾಗುವ ಅಗತ್ಯವಿಲ್ಲ.

ಗರಿಷ್ಠ ಕೋನ 60 ಡಿಗ್ರಿಯೊಳಗಿದ್ದರೆ ಎನ್‌ನಾನ್‌ಆರ್ಥೊಗೊನಲ್‌ಕರೆಕ್ಟರ್ಸ್ (ಈ ಕೋನದ ತಪ್ಪನ್ನು ತಿದ್ದುವ ಸುತ್ತುಗಳು) 0 ಸಾಕು. 60ರಿಂದ 70ಕ್ಕೆ 1. 70ರಿಂದ 80ಕ್ಕೆ 2, ಜೊತೆಗೆ ಲೆಕ್ಕದ ಸ್ಕೀಮ್‌ಗಳ ಕಡತವಾದ ಎಫ್‌ವಿಸ್ಕೀಮ್ಸ್‌ನಲ್ಲಿ ಲ್ಯಾಪ್ಲಾಸಿಯನ್ ಮತ್ತು ಎಸ್‌ಎನ್‌ಗ್ರ್ಯಾಡ್ ಎರಡನ್ನೂ ‘ಕರೆಕ್ಟೆಡ್’ನಿಂದ ‘ಲಿಮಿಟೆಡ್ ಕರೆಕ್ಟೆಡ್ 0.5’ಕ್ಕೆ, ಬೇಕಿದ್ದರೆ 0.33ಕ್ಕೆ ಬದಲಿಸಿ. 80ರ ಮೇಲೆ ಸೆಟ್ಟಿಂಗ್ ತಿದ್ದಿ ಉಪಯೋಗವಿಲ್ಲ, ಮೆಶ್ಶನ್ನೇ ಸರಿಪಡಿಸಬೇಕು.

ಕೆಟ್ಟ ಮುಖಗಳು ಎಷ್ಟಿವೆ ಎನ್ನುವುದಕ್ಕಿಂತ ಎಲ್ಲಿವೆ ಎನ್ನುವುದು ಮುಖ್ಯ. ಜಲಾಶಯದ ತಳದಲ್ಲಿ, ನೀರು ಹೆಚ್ಚುಕಮ್ಮಿ ನಿಂತಿರುವಲ್ಲಿ, 72 ಡಿಗ್ರಿಯ ನಲವತ್ತು ಮುಖಗಳಿದ್ದರೂ ಏನೂ ಆಗದಿರಬಹುದು. ನೆತ್ತಿಯ ಮೇಲೆ ನೀರಿನ ಮೇಲ್ಮೈ ಹಾದುಹೋಗುವಲ್ಲಿ ಒಂದೇ ಇದ್ದರೂ ಸಾಕು, ಅಲ್ಲಿ ಸಾಂದ್ರತೆ ಒಂದು ಸೆಲ್‌ನಿಂದ ಪಕ್ಕದ ಸೆಲ್‌ಗೆ 1000ದಿಂದ 1ಕ್ಕೆ ಬೀಳುವುದರಿಂದ ಒತ್ತಡದ ಇಳಿಜಾರಿನ ಸಣ್ಣ ತಪ್ಪೂ ಗಾಳಿಯ ಬದಿಯಲ್ಲಿ ಸಾವಿರ ಪಟ್ಟು ವೇಗೋತ್ಕರ್ಷವಾಗುತ್ತದೆ. ಚೆಕ್‌ಮೆಶ್ ಬರೆಯುವ ‘ನಾನ್‌ಆರ್ಥೊಫೇಸಸ್’, ‘ಸ್ಕ್ಯೂಫೇಸಸ್’ ಸೆಟ್‌ಗಳನ್ನು ಫೋಮ್‌ಟುವಿಟಿಕೆ ಮೂಲಕ ಪ್ಯಾರಾವ್ಯೂಗೆ ತಂದು, ಮೇಲೆ ಕಂಡುಹಿಡಿದ ಜಾಗದ ಪಕ್ಕದಲ್ಲಿಟ್ಟು ನೋಡಿ. ಸಾಮಾನ್ಯವಾಗಿ ಇವು ಗೇಟು ಜಾರುವ ತೋಡುಗಳಲ್ಲಿ, ಪಿಯರ್‌ನ (ಕೋಡಿಯ ಮೇಲಿನ ಕಂಬ) ಚೂಪು ಅಂಚಿನಲ್ಲಿ, ಎಸ್‌ಟಿಎಲ್‌ನ (ಕೋಡಿಯ ಆಕಾರದ ಕಡತ) ತೆಳು ತುದಿಗಳಲ್ಲಿ ಕೂತಿರುತ್ತವೆ. ಅಂಚುಗಳನ್ನು ಫೀಚರ್ ಆಗಿ ಎತ್ತಿಕೊಳ್ಳದಿದ್ದರೆ ಸ್ನ್ಯಾಪಿಹೆಕ್ಸ್‌ಮೆಶ್ ಅವನ್ನು ಸವೆಸಿಬಿಡುತ್ತದೆ. ಫೀಚರ್ ತೆಗೆಯುವಾಗ ಒಳಕೋನ 150 ಡಿಗ್ರಿ ಇಡುವುದು ರೂಢಿ.

ಗಾತ್ರದ ವಿಷಯ. ಬುಡದಲ್ಲಿ ನೀರಿನ ಆಳ 0.36 ಮೀಟರ್. ಅಲ್ಲಿ ಅಡ್ಡಕ್ಕೆ ಹತ್ತು ಸೆಲ್‌ಗಳಾದರೂ ಬೇಕೆಂದರೆ 3.6 ಸೆಂ.ಮೀ. ಮೂಲ ಸೆಲ್ 0.4 ಮೀಟರ್ ಆದರೆ ಮೂರನೇ ಹಂತದಲ್ಲಿ 5 ಸೆಂ.ಮೀ., ನಾಲ್ಕನೆಯದರಲ್ಲಿ 2.5 ಸೆಂ.ಮೀ. ಅಂದರೆ ಇಳಿಜಾರಿನ ಕೆಳಭಾಗಕ್ಕೆ ನಾಲ್ಕನೇ ಹಂತವೇ ಬೇಕು. ಮೆಶ್ ಹಂತ ಬದಲಾಗುವ ಗೆರೆಯನ್ನು ನೀರಿನ ಮೇಲ್ಮೈ ದಾಟದಂತೆ ರಿಫೈನ್‌ಮೆಂಟ್ ಪೆಟ್ಟಿಗೆಯನ್ನು ಮೇಲಕ್ಕೂ ಸಾಕಷ್ಟು ಚಾಚಿ. ಮೇಲ್ಮೈ ಇರುವಲ್ಲಿ ಸೆಲ್‌ಗಳು ಆದಷ್ಟು ಘನಾಕಾರದಲ್ಲಿರಲಿ.

ಗೋಡೆಯ ಬಳಿ ತೆಳು ಪದರಗಳನ್ನು ಹೂಡುವ ಮುನ್ನ ಯೋಚಿಸಿ. ಸೆಕೆಂಡಿಗೆ 17 ಮೀಟರ್ ವೇಗದಲ್ಲಿ ಘರ್ಷಣೆಯ ವೇಗ 0.6ರಿಂದ 0.7 ಮೀಟರ್, ವೈ-ಪ್ಲಸ್ (ಗೋಡೆಯಿಂದ ಮೊದಲ ಸೆಲ್‌ನ ದೂರವನ್ನು ಘರ್ಷಣೆಯ ವೇಗ, ಸ್ನಿಗ್ಧತೆಗಳಿಂದ ಅಳೆದ ಅಂಕಿ) 100 ಬೇಕೆಂದರೆ ಮೊದಲ ಸೆಲ್‌ನ ನಡುಬಿಂದು ಗೋಡೆಯಿಂದ ಸುಮಾರು 0.15 ಮಿ.ಮೀ. ದೂರದಲ್ಲಿರಬೇಕು. ಕಾಂಕ್ರೀಟಿನ ಒರಟುತನವೇ ಅದಕ್ಕಿಂತ ದೊಡ್ಡದಿರುತ್ತದೆ. ವೈ-ಪ್ಲಸ್ 30ರಿಂದ 300ರೊಳಗೆ ಇರಬೇಕೆಂಬ ಪುಸ್ತಕದ ನಿಯಮವನ್ನು ಹಿಡಿದು ಇಲ್ಲಿ ಪದರ ಹಾಕುವುದು ದೋಷವನ್ನು ಕೈಯಾರೆ ತಂದುಕೊಂಡಂತೆ: ಪದರದ ಸೆಲ್‌ಗೆ ಅಡ್ಡವಾಗಿ ಸ್ವಲ್ಪ ವೇಗ ಬಂದರೂ ಕೂರಾಂಟ್ ಹಾರುತ್ತದೆ. ‘ನಟ್‌ಕೆರಫ್‌ವಾಲ್‌ಫಂಕ್ಷನ್’ ಬಳಸಿ, ಒರಟುತನದ ಎತ್ತರ ಮೊದಲ ಸೆಲ್‌ನ ನಡುಬಿಂದುವಿಗಿಂತ ಕಡಿಮೆ ಇರುವಂತೆ ನೋಡಿಕೊಳ್ಳಿ.

ಗಡಿ ಷರತ್ತುಗಳು

ಕೋಡಿ ಸಿಮ್ಯುಲೇಶನ್‌ಗಳು ಹೆಚ್ಚಾಗಿ ಎಡವುವುದು ಇಲ್ಲಿ. ಮೆಶ್ಶಿನ ತಪ್ಪನ್ನು ಚೆಕ್‌ಮೆಶ್ ಹೇಳುತ್ತದೆ, ಗಡಿಯ ತಪ್ಪನ್ನು ಯಾವ ಆಜ್ಞೆಯೂ ಹೇಳುವುದಿಲ್ಲ.

ಇಂಟರ್‌ಫೋಮ್ ಬಿಡಿಸುವುದು ಸಾಮಾನ್ಯ ಒತ್ತಡವನ್ನಲ್ಲ, ಅದರಿಂದ ನೀರಿನ ತೂಕದ ಭಾಗ ಕಳೆದ ‘ಪಿ_ಆರ್‌ಜಿಎಚ್’ ಅನ್ನು. ನಿಂತ ನೀರಿನಲ್ಲಿ ಇದು ಮೇಲಿನಿಂದ ತಳದವರೆಗೆ ಒಂದೇ ಬೆಲೆ, ಮತ್ತು ಆ ಬೆಲೆ ಮೇಲ್ಮೈಯ ಎತ್ತರದ ಮೇಲೆ ನಿಂತಿದೆ. ಎತ್ತರದ ಅಕ್ಷದ ಸೊನ್ನೆ ಕಾಲುವೆಯ ತಳದಲ್ಲಿದ್ದು ನೀರು 2 ಮೀಟರ್ ನಿಂತಿದ್ದರೆ ಪಿ_ಆರ್‌ಜಿಎಚ್ ಆ ನೀರಿನುದ್ದಕ್ಕೂ 1000×9.81×2, ಅಂದರೆ 19,620 ಪಾಸ್ಕಲ್. ಹೊರದಾರಿಯಲ್ಲಿ ‘ಒತ್ತಡ ಸೊನ್ನೆ’ ಎಂದುಕೊಂಡು ಪಿ_ಆರ್‌ಜಿಎಚ್‌ಗೆ 0 ಕೊಟ್ಟರೆ ಅಲ್ಲಿ 19,620 ಪಾಸ್ಕಲ್‌ನ ಸುಳ್ಳು ಹೀರುವಿಕೆ ಹುಟ್ಟುತ್ತದೆ. ನೀರು ಸೆಕೆಂಡಿಗೆ 6.3 ಮೀಟರ್ ವೇಗದಲ್ಲಿ ಹೊರಕ್ಕೆ ಎಳೆಯಲ್ಪಡುತ್ತದೆ, ಕಾಲುವೆಯ ಮಟ್ಟ ಕುಸಿಯುತ್ತದೆ, ಜಲಜಿಗಿತ ಕೆಳಕ್ಕೆ ಕೊಚ್ಚಿಹೋಗುತ್ತದೆ. ಎಷ್ಟೋ ಬಾರಿ ರನ್ ಸಿಡಿಯುವುದೂ ಇಲ್ಲ. ಉತ್ತರ ಮಾತ್ರ ತಪ್ಪಾಗಿರುತ್ತದೆ.

ಕೆಳಗಿನ ನೀರಿನ ಮಟ್ಟ ಗೊತ್ತಿದ್ದು ಅದನ್ನು ಹಿಡಿದಿಡಬೇಕಾದರೆ ನಂಬಿಕೆಯ ದಾರಿ ಇದು: ಕಾಲುವೆಯ ಕೊನೆಯಲ್ಲಿ ತಕ್ಕ ಎತ್ತರದ ಒಂದು ಅಡ್ಡಗಟ್ಟೆ ಇಟ್ಟು, ನೀರು ಅದನ್ನು ಹಾರಿ ಗುಂಡಿಗೆ ಬೀಳುವಂತೆ ಮಾಡಿ, ಗುಂಡಿಯ ತಳವನ್ನು ಹೊರದಾರಿ ಮಾಡಿ. ಅಲ್ಲಿ ‘ಪಿಆರ್‌ಜಿಎಚ್‌ಪ್ರೆಶರ್’ ಷರತ್ತಿನಲ್ಲಿ ಒತ್ತಡ 0 ಕೊಟ್ಟರೆ ಎತ್ತರದ ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತದೆ. ಹೊರಗಿನ ಏರಿಳಿತ ಗಟ್ಟೆಯನ್ನು ದಾಟಿ ಹಿಂದಕ್ಕೆ ಬರುವುದಿಲ್ಲ. ಹೊರಹರಿವಿನ ಸರಾಸರಿ ವೇಗ ಗೊತ್ತಿದ್ದರೆ ‘ಔಟ್‌ಲೆಟ್‌ಫೇಸ್‌ಮೀನ್‌ವೆಲಾಸಿಟಿ’ ಇನ್ನೊಂದು ದಾರಿ.

ಹೊರದಾರಿ ಬುಡಕ್ಕೆ ಹತ್ತಿರವಾದರೆ ಜಿಗಿತದ ಸುಳಿ ಅದನ್ನು ಮುಟ್ಟಿ ನೀರು ಒಳಕ್ಕೆ ತಿರುಗುತ್ತದೆ. ಅಲ್ಲಿ ವೇಗಕ್ಕೆ ಬರೀ ‘ಜೀರೋಗ್ರೇಡಿಯೆಂಟ್’ ಇದ್ದರೆ ಒಳಬರುವ ವೇಗಕ್ಕೆ ಅಂಕೆಯೇ ಇರದು, ಕೆಲವೇ ಹೆಜ್ಜೆಗಳಲ್ಲಿ ರನ್ ಸಿಡಿಯುತ್ತದೆ. ‘ಇನ್‌ಲೆಟ್‌ಔಟ್‌ಲೆಟ್’ ಹಾಕಿ ಇನ್‌ಲೆಟ್‌ವ್ಯಾಲ್ಯೂ ಸೊನ್ನೆ ಕೊಡಿ. ಆಲ್ಫಾಕ್ಕೂ ಅದನ್ನೇ ಕೊಟ್ಟರೆ ಹಿಂದಕ್ಕೆ ಬರುವುದು ನೀರಿನ ಬದಲು ಗಾಳಿಯಾಗಿ, ತಳದಲ್ಲಿ ಗುಳ್ಳೆಗಳು ಕಾಣಿಸುತ್ತವೆ. ಅದನ್ನು ಕಂಡರೆ ಹೊರದಾರಿ ಇನ್ನೂ ಹತ್ತಿರವಿದೆ ಎಂದೇ ಅರ್ಥ. ನಮ್ಮ ಉದಾಹರಣೆಯಲ್ಲಿ ಜಿಗಿತವೇ 27 ಮೀಟರ್. ಬುಡದಿಂದ 45 ಮೀಟರಾದರೂ ಬಿಡಿ.

ಒಳದಾರಿಯ ಮಾಮೂಲು ತಪ್ಪು, ಇಡೀ ಮುಖಕ್ಕೆ ಒಂದೇ ವೇಗ ಮತ್ತು ಆಲ್ಫಾ 1 ಕೊಡುವುದು. ಮುಖದ ಮೇಲ್ಭಾಗ ಗಾಳಿಯಲ್ಲಿರುತ್ತದೆ. ಅಲ್ಲಿಂದ ಸುರಿಯುವ ನೀರು ಕೆಳಗಿನ ಮೇಲ್ಮೈಯನ್ನು ಒಡೆದು ಹಾಕುತ್ತದೆ. ಮುಖವನ್ನು ನೀರಿನ ಮಟ್ಟದಲ್ಲಿ ಎರಡು ಪ್ಯಾಚ್ ಮಾಡಿ, ಮೇಲಿನದನ್ನು ಗೋಡೆಯನ್ನಾಗಿಯೋ ವಾತಾವರಣವನ್ನಾಗಿಯೋ ಇಡಿ. ಇಲ್ಲವೇ ವೇಗಕ್ಕೆ ‘ವೇರಿಯಬಲ್‌ಹೈಟ್‌ಫ್ಲೋರೇಟ್‌ಇನ್‌ಲೆಟ್‌ವೆಲಾಸಿಟಿ’, ಆಲ್ಫಾಕ್ಕೆ ‘ವೇರಿಯಬಲ್‌ಹೈಟ್‌ಫ್ಲೋರೇಟ್’ ಜೋಡಿಯನ್ನು ಬಳಸಿ ಹರಿವಿನ ಪ್ರಮಾಣ ಕೊಡಿ.

ಗೋಡೆಗಳಲ್ಲಿ ಪಿ_ಆರ್‌ಜಿಎಚ್‌ಗೆ ‘ಫಿಕ್ಸ್ಡ್‌ಫ್ಲಕ್ಸ್‌ಪ್ರೆಶರ್’ ಇರಬೇಕು. ಹಳೆಯ ಕೇಸಿನಿಂದ ನಕಲು ಮಾಡುವಾಗ ಜೀರೋಗ್ರೇಡಿಯೆಂಟ್ ಉಳಿದುಬಿಟ್ಟರೆ, ಮೇಲ್ಮೈ ಗೋಡೆಯನ್ನು ಮುಟ್ಟುವ ಗೆರೆಯುದ್ದಕ್ಕೂ ಸುಳ್ಳು ವೇಗ ಹುಟ್ಟುತ್ತದೆ. ಮೇಲಿನ ವಾತಾವರಣಕ್ಕೆ ಪಿ_ಆರ್‌ಜಿಎಚ್‌ನಲ್ಲಿ ‘ಟೋಟಲ್‌ಪ್ರೆಶರ್’, ವೇಗದಲ್ಲಿ ‘ಪ್ರೆಶರ್‌ಇನ್‌ಲೆಟ್‌ಔಟ್‌ಲೆಟ್‌ವೆಲಾಸಿಟಿ’, ಆಲ್ಫಾದಲ್ಲಿ ಇನ್‌ಲೆಟ್‌ಔಟ್‌ಲೆಟ್ ಸೊನ್ನೆ.

ಆರಂಭ ಸ್ಥಿತಿಯನ್ನೂ ಇಲ್ಲೇ ಹೇಳಿಬಿಡಬಹುದು. ಜಲಾಶಯವನ್ನು ಖಾಲಿ ಬಿಟ್ಟು ಒಳದಾರಿಯಿಂದ ತುಂಬಿಸಲು ಹೋಗಬೇಡಿ. 50 ಮೀಟರ್ ಉದ್ದ, 15 ಮೀಟರ್ ಆಳದ ಭಾಗ ತುಂಬಲು ಸೆಕೆಂಡಿಗೆ 6.2 ಘನ ಮೀಟರಿನಂತೆ ಎರಡು ನಿಮಿಷ ಬೇಕು. ಸಿಮ್ಯುಲೇಶನ್‌ನಲ್ಲಿ ಅದು ದಿನಗಟ್ಟಲೆಯ ಕೆಲಸ, ಜೊತೆಗೆ ಬಿದ್ದ ನೀರು ಎರಚಾಡುವ ಅಪಾಯ. ಸೆಟ್‌ಫೀಲ್ಡ್ಸ್‌ನಿಂದ ಮಟ್ಟದವರೆಗೆ ತುಂಬಿ, ಕೆಳಗಿನ ಕಾಲುವೆಯನ್ನೂ ತುಂಬಿ. ಸೆಟ್‌ಫೀಲ್ಡ್ಸ್ ಆಲ್ಫಾ ಕಡತವನ್ನೇ ತಿದ್ದಿ ಬರೆಯುವುದರಿಂದ ಮೂಲ ಪ್ರತಿಯನ್ನು ‘0.ಆರಿಜ್’ ಫೋಲ್ಡರಿನಲ್ಲಿ ಇಟ್ಟಿರಿ. ಮೊದಲ ಡೆಲ್ಟಾಟಿ 10⁻⁴ ಸಾಕು.

ಗಾಳಿ

ನಮಗೆ ಬೇಕಿರುವುದು ನೀರು, ಆದರೆ ಕಾಲಹೆಜ್ಜೆಯನ್ನು ಆಳುವುದು ಹೆಚ್ಚಾಗಿ ಗಾಳಿ. 5 ಸೆಂ.ಮೀ. ಸೆಲ್‌ನಲ್ಲಿ 17 ಮೀಟರ್ ವೇಗದ ನೀರಿಗೆ ಕೂರಾಂಟ್ 1 ಎಂದರೆ 0.0029 ಸೆಕೆಂಡ್. ಮೇಲೆ ಎಲ್ಲೋ ಗಾಳಿ ಸುಳ್ಳೇ 100 ಮೀಟರಿನಲ್ಲಿ ಓಡುತ್ತಿದ್ದರೆ ಅದು 0.0005ಕ್ಕೆ ಇಳಿಯುತ್ತದೆ.

ಗುರುತಿಸಲು, ಗಾಳಿಯ ಸ್ನಿಗ್ಧತೆಯನ್ನು ತಾತ್ಕಾಲಿಕವಾಗಿ 1.48×10⁻⁵ರಿಂದ ನೂರು ಪಟ್ಟು ಏರಿಸಿ ಓಡಿಸಿ. ಸಿಡಿತ ನಿಂತರೆ ಬೇರು ಗಾಳಿಯಲ್ಲಿದೆ ಎಂದು ಖಚಿತ. ಇದು ಪರೀಕ್ಷೆ ಮಾತ್ರ. ಹೀಗೇ ಬಿಟ್ಟು ಫಲಿತಾಂಶ ತೆಗೆಯಬೇಡಿ. ಖಚಿತವಾದ ಮೇಲೆ ಮೇಲಿನ ಗಡಿಯನ್ನು ಇನ್ನಷ್ಟು ಎತ್ತರಿಸಿ, ವೇಗದ ಸಾಗಣೆಯ ಸ್ಕೀಮನ್ನು ‘ಲೀನಿಯರ್‌ಅಪ್‌ವಿಂಡ್’ ಮಾಡಿ, ಅದರ ಗ್ರೇಡಿಯೆಂಟನ್ನು ‘ಸೆಲ್‌ಲಿಮಿಟೆಡ್’ ಮಾಡಿ. ಓಪನ್‌ಫೋಮ್‌ನ ಇನ್ನೊಂದು ಶಾಖೆಯಾದ ಇಎಸ್‌ಐನಲ್ಲಿ ‘ಲಿಮಿಟ್‌ವೆಲಾಸಿಟಿ’ ಎಂಬ ಎಫ್‌ವಿಆಪ್ಶನ್ ಇದೆ. ಅದಕ್ಕೆ 30 ಮೀಟರಿನಂಥ ಮಿತಿ ಕೊಟ್ಟರೆ ಗಾಳಿಯ ಓಟಕ್ಕೆ ಕಡಿವಾಣ ಬೀಳುತ್ತದೆ. ಮಿತಿಯನ್ನು ನೀರಿನ ಗರಿಷ್ಠ ವೇಗಕ್ಕಿಂತ ಸ್ಪಷ್ಟವಾಗಿ ಮೇಲಿಡಿ. ನೀರಿನೊಳಗಿನ ಸೆಲ್ ಕತ್ತರಿಸಲ್ಪಟ್ಟರೆ ಸಂವೇಗವೇ ಕಳೆದುಹೋಗುತ್ತದೆ.

ಮೇಲ್ಮೈ ಸೆಳೆತದ ವಿಷಯವನ್ನು ಇಲ್ಲಿ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. 1 ಮಿ.ಮೀ. ಸೆಲ್‌ನಲ್ಲಿ ಅದು ಒಡ್ಡುವ ಕಾಲಹೆಜ್ಜೆಯ ಮಿತಿ ಸುಮಾರು 1 ಮಿಲಿಸೆಕೆಂಡ್, 5 ಸೆಂ.ಮೀ. ಸೆಲ್‌ನಲ್ಲಿ 0.37 ಸೆಕೆಂಡ್. ಕೋಡಿಯಲ್ಲಿ ಸಿಗ್ಮಾವನ್ನು (ಮೇಲ್ಮೈ ಸೆಳೆತದ ಬೆಲೆ) 0 ಮಾಡಿದರೂ ಹರಿವು ಬದಲಾಗದು, ಒಡೆದ ಹನಿಗಳ ವಕ್ರತೆಯಿಂದ ಹುಟ್ಟುವ ಗದ್ದಲ ಮಾತ್ರ ಹೋಗುತ್ತದೆ. ಇಂಧನದ ಸಿಂಪಡಿಕೆ, ಸೂಕ್ಷ್ಮ ನಾಳದಂಥ ಕೆಲಸಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಕಾಲಹೆಜ್ಜೆ ಮತ್ತು ಮ್ಯೂಲ್ಸ್

ಕಾಲಹೆಜ್ಜೆ ಹೊಂದಿಸುವ ಸೂತ್ರ ಹಿಂದಿನ ಹೆಜ್ಜೆಯ ಹರಿವನ್ನು ನೋಡಿ ಮುಂದಿನದನ್ನು ನಿರ್ಧರಿಸುತ್ತದೆ. ಏರಿಕೆಗೆ ಒಂದು ಹೆಜ್ಜೆಗೆ ಶೇ. 20ರ ಮಿತಿ ಇದೆ. ಆದರೂ ನೀರು ಥಟ್ಟನೆ ಗೋಡೆಗೆ ಬಡಿದಾಗ ಕೂರಾಂಟ್ ಮಿತಿ ದಾಟುವುದನ್ನು ಇದು ತಡೆಯಲಾರದು. ಅದಕ್ಕಾಗಿ ಮ್ಯಾಕ್ಸ್‌ಕೋ 0.5, ಮ್ಯಾಕ್ಸ್‌ಆಲ್ಫಾಕೋ 0.3 ಇಟ್ಟು, ಮೇಲಿನ ಕೈಲೆಕ್ಕದ 0.0029ಕ್ಕಿಂತ ಕೆಳಗಿನ 0.002ನ್ನು ಮ್ಯಾಕ್ಸ್‌ಡೆಲ್ಟಾಟಿ (ಕಾಲಹೆಜ್ಜೆಯ ಮೇಲ್ಮಿತಿ) ಮಾಡಿ. ಟ್ಯುಟೋರಿಯಲ್‌ನ ಡ್ಯಾಮ್‌ಬ್ರೇಕ್ ಕೇಸಿನಲ್ಲಿ ಅದು 1 ಸೆಕೆಂಡ್ ಇದೆ, ಅಂದರೆ ಮಿತಿಯೇ ಇಲ್ಲ.

ಆಲ್ಫಾ ಮಿತಿ ಮೀರುತ್ತಿದ್ದರೆ ಎಫ್‌ವಿಸೊಲ್ಯೂಶನ್‌ನಲ್ಲಿ ಎನ್‌ಆಲ್ಫಾಕರ್ 2, ಎನ್‌ಆಲ್ಫಾಸಬ್‌ಸೈಕಲ್ಸ್ 2 ಅಥವಾ 3, ಎನ್‌ಲಿಮಿಟರ್‌ಇಟರ್ 5 ಮಾಡಿ. ಸಿಆಲ್ಫಾ (ಮೇಲ್ಮೈಯನ್ನು ಒತ್ತಿ ಚೂಪಾಗಿಸುವ ಗುಣಾಂಕ) 1ಕ್ಕಿಂತ ಹೆಚ್ಚಿಸಿದರೆ ಮೇಲ್ಮೈ ಚೂಪಾಗುವ ಬದಲು ಸುಕ್ಕುಗಟ್ಟುತ್ತದೆ. ಪಿಸೊದ (ವೇಗವನ್ನೂ ಒತ್ತಡವನ್ನೂ ಹೊಂದಿಸುವ ವಿಧಾನ) ಎನ್‌ಕರೆಕ್ಟರ್ಸ್ 3 ಇರಲಿ. ಒತ್ತಡದ ಕೊನೆಯ ಸುತ್ತಿಗೆ ರೆಲ್‌ಟೋಲ್ 0 ಇರಲೇಬೇಕು, ಅದನ್ನು ಸಡಿಲಿಸಿದರೆ ಕಂಟಿನ್ಯೂಟಿ ದೋಷ ಆಲ್ಫಾದೊಳಕ್ಕೆ ಇಳಿಯುತ್ತದೆ. ಒತ್ತಡ ಬಿಡಿಸುವ ಸಾಲ್ವರ್ ಗ್ಯಾಮ್ಗ್ ಒಂದೇ ಸಮನೆ 1000 ಇಟರೇಶನ್ ಮುಟ್ಟುತ್ತಿದ್ದರೆ ಅದರ ಬದಲು ಡಿಐಸಿ ಜೊತೆಗಿನ ಪಿಸಿಜಿ ಎಂಬ ಸಾಲ್ವರ್ ಹಾಕಿ ನೋಡಿ. ಅದೂ ಸೋತರೆ ತಪ್ಪು ಸಾಲ್ವರ್‌ನದಲ್ಲ, ಮೇಲಿನ ಎರಡು ಭಾಗಗಳಿಗೆ ಮರಳಿ.

ಟರ್ಬ್ಯುಲೆನ್ಸ್

ಸಿಮ್ಯುಲೇಶನ್‌ಟೈಪ್ ‘ಲ್ಯಾಮಿನಾರ್’ ಮಾಡಿ ಅದೇ ಕ್ಷಣವನ್ನು ದಾಟಿಸಿ ನೋಡಿ. ದಾಟಿದರೆ ದೋಷ ಮಾಡೆಲ್‌ನ ಸುತ್ತ ಇದೆ. ಕೆ ಮತ್ತು ಎಪ್ಸಿಲಾನ್‌ನ ಸಾಗಣೆಗೆ ‘ಅಪ್‌ವಿಂಡ್’ ಹಾಕಿ. ಒಳದಾರಿಯ ಬೆಲೆಗಳನ್ನು ಬೇರೆ ಕೇಸಿನಿಂದ ತರಬೇಡಿ, ಲೆಕ್ಕ ಹಾಕಿ: ವೇಗ 1 ಮೀಟರ್, ತೀವ್ರತೆ ಶೇ. 5 ಆದರೆ ಕೆ 0.00375, ಉದ್ದದ ಅಳತೆ 0.14 ಮೀಟರ್ ಆದರೆ ಎಪ್ಸಿಲಾನ್ 0.00027. ಇಂಟರ್‌ಫೋಮ್‌ನಲ್ಲಿ ಈ ಸಮೀಕರಣಗಳು ಸಾಂದ್ರತೆಯ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡಿಸಲ್ಪಡುವುದು ಸಾಮಾನ್ಯ. ಆದ್ದರಿಂದ ಮೇಲ್ಮೈಯಲ್ಲಿ ಕೆ ಅತಿಯಾಗಿ ಹುಟ್ಟಿ, ನೀರು ಜೇನಿನಂತೆ ಮಂದವಾಗುವುದುಂಟು. ‘ನಟ್’ (ಟರ್ಬ್ಯುಲೆನ್ಸ್‌ನಿಂದ ಸೇರುವ ಸ್ನಿಗ್ಧತೆ) ಅನ್ನು ಮೇಲ್ಮೈಯುದ್ದಕ್ಕೂ ಬಣ್ಣ ಹಾಕಿ ನೋಡಿದರೆ ಇದು ತಿಳಿಯುತ್ತದೆ.

ಸಿಡಿಯದೆ ತಪ್ಪಾದ ಉತ್ತರ, ಮತ್ತು ತಪ್ಪೆಂದು ಕಾಣುವ ಸರಿ ಉತ್ತರ

ರನ್ ಮುಗಿದ ಮಾತ್ರಕ್ಕೆ ದೋಷ ಹೋಗಿಲ್ಲ. ಒಳದಾರಿ, ನೆತ್ತಿ, ಹೊರದಾರಿ ಮೂರರಲ್ಲೂ ನೀರಿನ ಹರಿವನ್ನು ‘ಸರ್ಫೇಸ್‌ಫೀಲ್ಡ್‌ವ್ಯಾಲ್ಯೂ’ನಿಂದ ಬರೆಸಿ. ಒಳಹರಿವಿನಿಂದ ಹೊರಹರಿವು ಕಳೆದದ್ದು ಸಂಗ್ರಹದ ಏರಿಕೆಗೆ ಶೇ. 1ರೊಳಗೆ ಹೊಂದಬೇಕು. ನೆತ್ತಿಯಿಂದ ಗುಣಾಂಕ ಹಿಂದಕ್ಕೆ ಲೆಕ್ಕ ಹಾಕಿದಾಗ 2.18ರ ಬದಲು 1.8 ಬಂದರೆ ನೆತ್ತಿಯ ಬಳಿ ಮೆಶ್ ಒರಟಾಗಿದೆ, ಅಥವಾ ಒಳದಾರಿ ನೆತ್ತಿಗೆ ತೀರ ಹತ್ತಿರವಿದೆ.

ನೆತ್ತಿಯ ಮೇಲೆ ಒತ್ತಡ ವಾತಾವರಣಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಅದು ದೋಷವಲ್ಲ. ವಿನ್ಯಾಸಕ್ಕಿಂತ ಹೆಚ್ಚು ನೀರು ಹರಿದಾಗ ಓಜೀ ಕೋಡಿ ಹಾಗೇ ವರ್ತಿಸುತ್ತದೆ. ಅದು −98,000 ಪಾಸ್ಕಲ್‌ಗಿಂತ ಕೆಳಗಿಳಿದರೆ ಮಾತ್ರ ನಿಜದಲ್ಲಿ ಅಸಾಧ್ಯ. ನೀರು ಆವಿಯಾಗುವುದನ್ನು ಇಂಟರ್‌ಫೋಮ್ ಅರಿಯದು, ಹಾಗಾಗಿ ಎಷ್ಟು ಬೇಕಾದರೂ ಇಳಿಸಿಬಿಡುತ್ತದೆ. ಕೆಳಗಿನ ನೀರಿನ ಮಟ್ಟ 4.5 ಮೀಟರಿಗಿಂತ ಕಡಿಮೆಯಿದ್ದು ಜಿಗಿತ ಕಾಲುವೆಯಲ್ಲಿ ಮುಂದಕ್ಕೆ ಸರಿದರೆ ಅದೂ ಸರಿಯೇ. ಆಗ ಹೊರದಾರಿಯನ್ನು ದೂರ ಇಡಬೇಕೇ ಹೊರತು ಸೆಟ್ಟಿಂಗ್ ತಿರುಚಬಾರದು.

ಬಿಳಿ ನೊರೆಯ ವಿಷಯದಲ್ಲಿ ಎಚ್ಚರವಿರಲಿ. 2.5 ಸೆಂ.ಮೀ. ಸೆಲ್ ಮಿಲಿಮೀಟರ್ ಗುಳ್ಳೆಗಳನ್ನು ಹಿಡಿಯಲಾರದು. ನಿಜವಾದ ಕೋಡಿಯಲ್ಲಿ ಗಾಳಿ ಬೆರೆತು ನೀರು ಉಬ್ಬುವುದರಿಂದ ಆಳ ಲೆಕ್ಕಕ್ಕಿಂತ ಹೆಚ್ಚಿರುತ್ತದೆ. ಪಕ್ಕದ ಗೋಡೆಯ ಎತ್ತರವನ್ನು ಈ ಸಿಮ್ಯುಲೇಶನ್‌ನ ಮೇಲ್ಮೈಯಿಂದ ನೇರವಾಗಿ ನಿರ್ಧರಿಸಬೇಡಿ. ಪುಣೆಯ ಖಡಕವಾಸ್ಲಾದಲ್ಲೂ ನಮ್ಮ ಕೃಷ್ಣರಾಜಸಾಗರದ ಸಂಶೋಧನಾ ಕೇಂದ್ರದಲ್ಲೂ ಅಣೆಕಟ್ಟುಗಳ ಭೌತಿಕ ಮಾದರಿ ಪರೀಕ್ಷೆಗಳು ನಡೆಯುತ್ತವೆ. ನಿಮ್ಮ ಕೋಡಿಗೆ ಅಂಥ ಮಾದರಿಯ ಅಳತೆ ಇದ್ದರೆ, ಮೊದಲು ನೆತ್ತಿಯ ಒತ್ತಡದ ಬಿಂದುಗಳನ್ನೂ ಹರಿವಿನ ಗುಣಾಂಕವನ್ನೂ ಹೋಲಿಸಿ. ಮೇಲ್ಮೈಯ ಆಳವನ್ನು ಹೋಲಿಸುವುದು ಆಮೇಲೆ, ಮತ್ತು ಗಾಳಿ ಬೆರೆಯದ ಮೇಲಿನ ಭಾಗದಲ್ಲಿ ಮಾತ್ರ.